ತುಪ್ಪದ ಹರಳು, ಹರಳಿನ ಮೇಲಿನ ಎಣ್ಣೆ

ಈ ಮೇಜಿನ ಮೇಲೆ ಎರಡು ಗಾಜಿನ ಬಾಟಲಿಗಳಿವೆ. ಹಿಂದಿನ ಸಾಲಿನವರಿಗೂ ಕಾಣಲಿ ಎಂದು ಎತ್ತಿ ಹಿಡಿಯುತ್ತೇನೆ. ಎಡಗೈಯಲ್ಲಿರುವುದನ್ನು ನೋಡಿ: ಬುಡದಿಂದ ಬಾಯಿಯವರೆಗೆ ಒಂದೇ ಬಣ್ಣ, ಮೇಣದಂತೆ ನುಣುಪು. ಬಲಗೈಯದರಲ್ಲಿ ಕೆಳಗೆ ಬಿಳಿಚಿದ ಹರಳುಗಳು ಕೂತಿವೆ, ಅವುಗಳ ಮೇಲೆ ಎರಡು ಬೆರಳಿನಷ್ಟು ಹೊನ್ನಿನ ಬಣ್ಣದ ಎಣ್ಣೆ ನಿಂತಿದೆ. ಇವೆರಡೂ ಒಂದೇ ಬೆಣ್ಣೆಯಿಂದ, ಒಂದೇ ಪಾತ್ರೆಯಲ್ಲಿ, ಒಂದೇ ದಿನ ನಾನೇ ಕಾಯಿಸಿದ ತುಪ್ಪ. ಒಂದು ಬಾಟಲಿಯನ್ನು ಬಿಸಿ ಆರುತ್ತಲೇ ಫ್ರಿಜ್ಜಿನಲ್ಲಿಟ್ಟೆ. ಇನ್ನೊಂದಕ್ಕೆ ಕಂಬಳಿ ಸುತ್ತಿ ಅಡುಗೆಮನೆಯ ಮೂಲೆಯಲ್ಲಿಟ್ಟು ಎರಡು ದಿನ ಮುಟ್ಟಲಿಲ್ಲ. ವ್ಯತ್ಯಾಸ ಇಷ್ಟೇ.

ಇದನ್ನು ತೋರಿಸಲೇಬೇಕು ಎಂದು ನಿರ್ಧರಿಸಲು ಒಂದು ಕಾರಣವಿದೆ. ನನಗೆ ಪರಿಚಯದ ಒಬ್ಬ ಹೆಣ್ಣುಮಗಳು ಎರಡು ಎಮ್ಮೆ, ಒಂದು ಹಸು ಸಾಕಿಕೊಂಡು ತುಪ್ಪ ಮಾರುತ್ತಾರೆ. ಕಳೆದ ವರ್ಷ ಒಬ್ಬ ಗಿರಾಕಿ ಅವರ ಬಾಟಲಿಯನ್ನು ಹಿಂದಕ್ಕೆ ತಂದು, ನಾಲ್ಕು ಜನರ ಎದುರು, ‘ಮೇಲೆ ಎಣ್ಣೆ ತೇಲುತ್ತಿದೆ, ಕೆಳಗೆ ವನಸ್ಪತಿ ಕೂತಿದೆ, ಇದನ್ನೇ ತುಪ್ಪ ಎಂದು ಮಾರುತ್ತೀರಾ?’ ಎಂದು ಕೇಳಿದರು. ಆಕೆ ಅತ್ತರು. ಉತ್ತರ ಅವರಿಗೆ ಗೊತ್ತಿರಲಿಲ್ಲ, ಕೇಳಿದವರಿಗೂ ಗೊತ್ತಿರಲಿಲ್ಲ. ಹಾಲಿನ ಕೊಬ್ಬನ್ನು ಪರೀಕ್ಷಿಸುವುದರಲ್ಲೇ ಕೆಲಸದ ವರ್ಷಗಳನ್ನೆಲ್ಲ ಕಳೆದ ನನಗೆ ಆ ಸಂಕಟ ಇನ್ನೂ ಮನಸ್ಸಿನಲ್ಲಿದೆ. ಆಕೆಯ ತುಪ್ಪ ಚೊಕ್ಕವಾಗಿತ್ತು. ಅದು ತನ್ನ ಸ್ವಭಾವಕ್ಕೆ ತಕ್ಕ ಹಾಗೆ ಎರಡಾಗಿತ್ತು.

ಮೊದಲಿಗೆ ಒಂದು ಗೊಂದಲ ಬಿಡಿಸಬೇಕು. ಬೆಣ್ಣೆ, ತುಪ್ಪ, ಬೆಣ್ಣೆಗೆ ಬದಲಿಯಾಗಿ ಬಳಸುವ ಮಾರ್ಗರೀನ್ ಇವುಗಳಲ್ಲಿ ‘ದ್ರವ ಬೇರೆ, ಘನ ಬೇರೆ’ ಎಂದಾಗ ಎರಡು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೇ ಬಾಯಲ್ಲಿ ಹೇಳುತ್ತೇವೆ. ಒಂದು, ಕೊಬ್ಬಿನಿಂದ ನೀರನ್ನು ಬೇರೆ ಮಾಡುವುದು. ಬೆಣ್ಣೆಯಿಂದ ತುಪ್ಪ ಮಾಡುವಾಗ ನಡೆಯುವುದು ಅದು. ಇನ್ನೊಂದು, ನೀರೆಲ್ಲ ಹೋದ ಮೇಲೆ ಉಳಿದ ಕೊಬ್ಬೇ ತನ್ನೊಳಗೆ ಗಟ್ಟಿ ಭಾಗ, ತೆಳು ಭಾಗ ಎಂದು ಬೇರೆಯಾಗುವುದು. ಬಲಗೈ ಬಾಟಲಿಯಲ್ಲಿ ಆಗಿರುವುದು ಇದು. ಮೊದಲನೆಯದಕ್ಕೆ ಬಿಸಿ ಬೇಕು, ಎರಡನೆಯದಕ್ಕೆ ತಂಪು ಬೇಕು, ಅದೂ ಅವಸರವಿಲ್ಲದ ತಂಪು.

ಮೊದಲನೆಯದನ್ನು ಇಲ್ಲೇ ಮಾಡಿ ತೋರಿಸುತ್ತೇನೆ. ಅಂಗಡಿಯಿಂದ ತಂದ ಉಪ್ಪು ಬೆರೆತ 200 ಗ್ರಾಂ ಬೆಣ್ಣೆಯನ್ನು ಈ ಉದ್ದನೆಯ ಬಾಟಲಿಗೆ ಹಾಕಿ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿದ್ದೇನೆ. ಕುದಿಸುವುದಿಲ್ಲ, ಕಲಕುವುದಿಲ್ಲ. ನೋಡಿ, ಆಗಲೇ ಮೂರು ಪದರ ಕಾಣುತ್ತಿದೆ. ಮೇಲೆ ಬಿಳಿ ನೊರೆ, ನಡುವೆ ತಿಳಿಯಾದ ಹಳದಿ ಕೊಬ್ಬು, ತಳದಲ್ಲಿ ಹಾಲು ಬೆರೆಸಿದಂತಹ ಮಬ್ಬು ನೀರು. ಇದನ್ನು ಈಗ ಐಸ್ ತುಂಬಿದ ಡಬ್ಬಿಯಲ್ಲಿಡುತ್ತೇನೆ. ಮಾತು ಮುಗಿಯುವ ಹೊತ್ತಿಗೆ ತೆಗೆಯೋಣ.

ಅಂಗಡಿಯ ಬೆಣ್ಣೆಯಲ್ಲಿ ಕೊಬ್ಬು ಶೇಕಡಾ 80ಕ್ಕೆ ಕಡಿಮೆ ಇರಬಾರದು, ನೀರು ಶೇಕಡಾ 16ನ್ನು ಮೀರಬಾರದು ಎಂಬುದು ನಮ್ಮ ದೇಶದ ನಿಯಮ. ಅಂದರೆ ಒಂದು ಕೆಜಿ ಬೆಣ್ಣೆ ಕೊಂಡರೆ ನೂರೈವತ್ತು ಗ್ರಾಮಿನಷ್ಟು ನೀರನ್ನೂ ಕೊಂಡ ಹಾಗಾಯಿತು. ಆದರೆ ಕೈಗೆ ಒದ್ದೆಯಾಗುವುದಿಲ್ಲ, ಏಕೆ? ಆ ನೀರು ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗಿ ಕೊಬ್ಬಿನೊಳಗೆ ಸಿಕ್ಕಿಕೊಂಡಿದೆ. ಕಾವಲಿಯ ಮೇಲೆ ಬೆಣ್ಣೆ ಹಾಕಿದ ಕೂಡಲೇ ಚುಯ್ ಎಂದು ಸದ್ದಾಗುತ್ತದಲ್ಲ, ಅದು ಬೆಣ್ಣೆಯ ಸದ್ದಲ್ಲ, ಆ ಹನಿಗಳು ಆವಿಯಾಗಿ ಸಿಡಿಯುವ ಸದ್ದು. ದಾವಣಗೆರೆಯ ಬೆಣ್ಣೆ ದೋಸೆಯ ಹೋಟೆಲಿನಲ್ಲಿ ಕಾವಲಿಯ ಹತ್ತಿರದ ಮೇಜಿನಲ್ಲಿ ಕೂತವರಿಗೆ ಈ ಸದ್ದಿನ ಪರಿಚಯ ಇದ್ದೇ ಇರುತ್ತದೆ. ಅದೇ ಕಾವಲಿಗೆ ತುಪ್ಪ ಹಾಕಿ, ಮೌನ. ಅದರಲ್ಲಿ ಸಿಡಿಯಲು ನೀರೇ ಇಲ್ಲ.

ಹಾಲಿನಲ್ಲಿ ಇದರ ತದ್ವಿರುದ್ಧ. ಅಲ್ಲಿ ನೀರಿನೊಳಗೆ ಕೊಬ್ಬಿನ ಹನಿಗಳು ತೇಲುತ್ತವೆ, ಪ್ರತಿಯೊಂದಕ್ಕೂ ತೆಳ್ಳನೆಯ ಪೊರೆ ಇರುತ್ತದೆ. ಪೊರೆ ಇರುವ ತನಕ ಒಂದು ಹನಿ ಇನ್ನೊಂದಕ್ಕೆ ಅಂಟುವುದಿಲ್ಲ. ಕಡೆಗೋಲು ಮಾಡುವ ಕೆಲಸ ಆ ಪೊರೆ ಹರಿಯುವುದು. ಆದರೆ ಕಡೆಗೋಲಿನ ರಭಸವೊಂದೇ ಸಾಲದು. ಹನಿಯೊಳಗಿನ ಕೊಬ್ಬು ಅರ್ಧ ಗಟ್ಟಿ, ಅರ್ಧ ತೆಳು ಇರಬೇಕು. ಗಟ್ಟಿ ಭಾಗದ ಸೂಜಿಯಂತಹ ಹರಳು ಪೊರೆಯನ್ನು ಚುಚ್ಚುತ್ತದೆ, ತೆಳು ಭಾಗ ಹೊರಗೆ ಬಂದು ಅಂಟಿನ ಕೆಲಸ ಮಾಡುತ್ತದೆ. ಎಲ್ಲವೂ ಕರಗಿದ್ದರೆ ಚುಚ್ಚುವುದಕ್ಕೇ ಏನೂ ಇಲ್ಲ, ಎಲ್ಲವೂ ಗಟ್ಟಿಯಾಗಿದ್ದರೆ ಅಂಟುವುದಕ್ಕೆ ಏನೂ ಇಲ್ಲ. ಬೇಸಿಗೆಯಲ್ಲಿ ಮೊಸರು ಕಡೆಯುವಾಗ ತಣ್ಣೀರು ಹಾಕಬೇಕು, ಚಳಿಗಾಲದಲ್ಲಿ ಉಗುರುಬೆಚ್ಚನೆಯ ನೀರು ಹಾಕಬೇಕು ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದದ್ದು ಇದಕ್ಕೆ. ಥರ್ಮಾಮೀಟರ್ ಇಲ್ಲದೆ, ಬೆರಳಿನ ತುದಿಯಿಂದ ಅಳೆದು, ಗಟ್ಟಿ ಮತ್ತು ತೆಳು ಭಾಗಗಳ ಪ್ರಮಾಣವನ್ನು ಅವರು ಸರಿಪಡಿಸುತ್ತಿದ್ದರು. ನಾನು ಓದಿ ತಿಳಿದದ್ದನ್ನು ನನ್ನ ಅಜ್ಜಿ ಕೈಯಿಂದ ತಿಳಿದಿದ್ದರು ಎಂಬುದು ನೌಕರಿಗೆ ಸೇರಿ ಬಹಳ ವರ್ಷಗಳ ಮೇಲೆ ನನಗೆ ಹೊಳೆಯಿತು. ಅಷ್ಟು ಹೊತ್ತಿಗೆ ಅದನ್ನು ಹೇಳಲು ಅವರು ಇರಲಿಲ್ಲ.

ಇನ್ನು ಬೆಣ್ಣೆ ಕಾಯಿಸುವುದು. ನಿಮ್ಮಲ್ಲಿ ಹೆಚ್ಚಿನವರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಕರಗಿದ ಬೆಣ್ಣೆ ಮೊದಲು ದೊಡ್ಡ ಗುಳ್ಳೆಗಳೊಂದಿಗೆ ಗದ್ದಲ ಮಾಡುತ್ತದೆ. ನೀರು ಇರುವ ತನಕ ಪಾತ್ರೆಯ ಬಿಸಿ ನೂರು ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ, ಬೆಂಕಿ ಎಷ್ಟೇ ಕೊಟ್ಟರೂ ಅದೆಲ್ಲ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ನೀರು ಮುಗಿಯುತ್ತಿದ್ದಂತೆ ಸದ್ದು ಇಳಿಯುತ್ತದೆ, ನೊರೆ ಸಣ್ಣಗಾಗುತ್ತದೆ, ಬಿಸಿ ಸರ್ರನೆ 110, 120 ಡಿಗ್ರಿಗೆ ಏರುತ್ತದೆ. ತಳದಲ್ಲಿ ಕೂತ ಹಾಲಿನ ಪ್ರೋಟೀನು ಮತ್ತು ಸಕ್ಕರೆ ಕೆಂಪಾಗುವುದು, ಘಮ ಬರುವುದು ಆಗ. ವೀಳ್ಯದೆಲೆಯನ್ನೋ ನುಗ್ಗೆ ಸೊಪ್ಪನ್ನೋ ಹಾಕಿ ಅದು ಗರಿಗರಿಯಾದಾಗ ಇಳಿಸುತ್ತಾರಲ್ಲ, ಸೊಪ್ಪಿನಲ್ಲಿದ್ದ ನೀರೂ ಹೋಯಿತು ಎಂಬುದೇ ಅದರ ಗುರುತು. ತುಪ್ಪದಲ್ಲಿ ಉಳಿಯಬಹುದಾದ ನೀರು ಶೇಕಡಾ ಅರ್ಧ ಮಾತ್ರ.

ಸಂಘದಲ್ಲಿ ಹತ್ತಾರು ಕೆಜಿ ಬೆಣ್ಣೆ ಕಾಯಿಸುವ ಅಕ್ಕಂದಿರು ಇಲ್ಲಿದ್ದೀರಿ. ನಿಮಗೊಂದು ಉಪಾಯ. ಬೆಣ್ಣೆಯನ್ನು ಕರಗಿಸಿ 80ರಿಂದ 85 ಡಿಗ್ರಿಯಲ್ಲಿ ಅರ್ಧ ಗಂಟೆ ಅಲುಗಿಸದೆ ಬಿಡಿ. ಈಗ ಬಾಟಲಿಯಲ್ಲಿ ಕಂಡಂತೆ ಮೂರು ಪದರವಾಗುತ್ತದೆ. ಪಾತ್ರೆಯ ತಳದಲ್ಲಿ ನಲ್ಲಿ ಇದ್ದರೆ ಆ ಮಬ್ಬು ನೀರನ್ನು ಮೊದಲೇ ಹೊರಗೆ ಬಿಡಬಹುದು. ನೀರಿನ ಬಹುಪಾಲು ಹೀಗೇ ಹೋಗುತ್ತದೆ, ಅದನ್ನು ಆವಿ ಮಾಡಲು ಸುಡಬೇಕಾಗಿದ್ದ ಸೌದೆ ಅಥವಾ ಗ್ಯಾಸ್ ಉಳಿಯುತ್ತದೆ. ಡೇರಿ ತಂತ್ರಜ್ಞಾನದಲ್ಲಿ ಇದು ಒಪ್ಪಿತ ವಿಧಾನ. ಆದರೆ ಇದಕ್ಕೊಂದು ಬೆಲೆ ಇದೆ, ಅದನ್ನೂ ಹೇಳಬೇಕು. ಆ ನೀರಿನ ಜೊತೆ ಹಾಲಿನ ಪ್ರೋಟೀನು, ಸಕ್ಕರೆ ಹೊರಟುಹೋಗುತ್ತವೆ. ತಳದಲ್ಲಿ ಕೆಂಪಾಗಿ ಉಳಿಯುವ ಗಸಿ ಕಡಿಮೆಯಾಗುತ್ತದೆ, ಘಮವೂ ಕಡಿಮೆಯಾಗುತ್ತದೆ. ಗಸಿಯಲ್ಲಿ ಫಾಸ್ಫೋಲಿಪಿಡ್ ಎಂಬ ಪದಾರ್ಥವಿದೆ. ಗಸಿಯ ಜೊತೆ ಚೆನ್ನಾಗಿ ಕಾದಾಗ ಅದರ ಒಂದಂಶ ತುಪ್ಪಕ್ಕೆ ಇಳಿದು, ತುಪ್ಪ ಬೇಗ ಕನರದಂತೆ ಕಾಯುತ್ತದೆ. ಗಸಿಗೆ ಬೆಲ್ಲ ಬೆರೆಸಿ ತಿನ್ನಲು ಕಾದು ಕೂರುತ್ತಿದ್ದ ಮಕ್ಕಳಿಗೂ ನಷ್ಟವೇ. ನನ್ನನ್ನು ಕೇಳಿದರೆ, ಮನೆಗೆ ಮಾಡುವಾಗ ಪೂರ್ತಿ ಕಾಯಿಸಿ. ಮಾರಾಟಕ್ಕೆ ದೊಡ್ಡ ಪ್ರಮಾಣದಲ್ಲಿ ಮಾಡುವಾಗ ಲೆಕ್ಕ ಹಾಕಿ ನೋಡಿ.

ಇಲ್ಲಿಗೆ ನೀರಿನ ಮಾತು ಮುಗಿಯಿತು. ನಿಜವಾದ ಸ್ವಾರಸ್ಯ ಇನ್ನು ಮುಂದಿದೆ.

ನೀರು ಹೋದ ಮೇಲೆ ಉಳಿದದ್ದು ಒಂದೇ ವಸ್ತು ಎಂದು ನಮಗೆ ಅನಿಸುತ್ತದೆ. ಹಾಗಲ್ಲ. ಹಾಲಿನ ಕೊಬ್ಬಿನಲ್ಲಿ ನಾನೂರಕ್ಕೂ ಹೆಚ್ಚು ಬಗೆಯ ಕೊಬ್ಬಿನ ಆಮ್ಲಗಳನ್ನು ಗುರುತಿಸಿದ್ದಾರೆ. ಅವು ಮೂರು ಮೂರರಂತೆ ಗ್ಲಿಸರಾಲ್ ಎಂಬುದಕ್ಕೆ ಕಟ್ಟಿಕೊಂಡಿರುತ್ತವೆ. ಯಾವ ಮೂರು ಎಂಬುದರ ಮೇಲೆ ಅದು ಯಾವ ಬಿಸಿಯಲ್ಲಿ ಕರಗುತ್ತದೆ ಎಂಬುದು ನಿಂತಿದೆ. ಸೌದೆ ಒಟ್ಟುವುದನ್ನು ನೆನಪಿಸಿಕೊಳ್ಳಿ. ಉದ್ದ, ನೇರ ಸೌದೆಗಳು ಒಂದರ ಮೇಲೊಂದು ಬಿಗಿಯಾಗಿ ಕೂರುತ್ತವೆ. ಸೊಟ್ಟ ಕೊಂಬೆಗಳು ಎಷ್ಟು ಒತ್ತಿದರೂ ನಡುವೆ ಸಂದು ಬಿಡುತ್ತವೆ. ತುಂಡು ಚಕ್ಕೆಗಳು ಸಾಲಿಗೇ ನಿಲ್ಲುವುದಿಲ್ಲ. ಪಾಮಿಟಿಕ್, ಸ್ಟಿಯರಿಕ್ ಆಮ್ಲಗಳು ಉದ್ದವಾದ ನೇರ ಸೌದೆ, ಒಂಟಿಯಾಗಿ ಅವು ಕರಗಲು 60 ಡಿಗ್ರಿ ದಾಟಬೇಕು. ಓಲಿಯಿಕ್ ಆಮ್ಲ ನಡುವೆ ಬಾಗಿದ ಕೊಂಬೆ, ನಮ್ಮ ಮನೆಯ ಬಿಸಿಯಲ್ಲಿ ಅದು ದ್ರವವೇ. ಬ್ಯುಟಿರಿಕ್ ಆಮ್ಲ ಚಕ್ಕೆ, ಸೊನ್ನೆ ಡಿಗ್ರಿಯಲ್ಲೂ ಹೆಪ್ಪುಗಟ್ಟುವುದಿಲ್ಲ. ಈ ಎಲ್ಲ ಬಗೆಯ ಸೌದೆಯೂ ಕಲಸಿಹೋದ ರಾಶಿ ನಮ್ಮ ತುಪ್ಪ. ಹಾಗಾಗಿ ‘ತುಪ್ಪ ಎಷ್ಟು ಡಿಗ್ರಿಯಲ್ಲಿ ಕರಗುತ್ತದೆ?’ ಎಂಬ ಪ್ರಶ್ನೆಗೆ ಒಂದು ಸಂಖ್ಯೆಯ ಉತ್ತರವಿಲ್ಲ. ಸೊನ್ನೆಗಿಂತ 40 ಡಿಗ್ರಿ ಕೆಳಗಿನಿಂದ ಸೊನ್ನೆಗಿಂತ 40 ಡಿಗ್ರಿ ಮೇಲಿನವರೆಗೆ ಅದು ಸ್ವಲ್ಪ ಸ್ವಲ್ಪವೇ ಕರಗುತ್ತಾ ಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟ ಬೆಣ್ಣೆ ಕಲ್ಲಿನಂತೆ ಕಂಡರೂ ಅದರ ಕೊಬ್ಬಿನಲ್ಲಿ ಸುಮಾರು ಅರ್ಧ ಆಗಲೂ ದ್ರವವೇ. 20 ಡಿಗ್ರಿಗೆ ಬಂದಾಗ ಗಟ್ಟಿ ಭಾಗ ಐದರಲ್ಲೊಂದಕ್ಕೆ ಇಳಿದಿರುತ್ತದೆ.

ಕೊಬ್ಬು ಒಂದೇ ವಸ್ತುವಲ್ಲ ಎಂದು ಮನುಷ್ಯನಿಗೆ ತಿಳಿದು ಇನ್ನೂರು ವರ್ಷಗಳಷ್ಟೇ ಆಗಿದೆ. 1815ರಲ್ಲಿ ಫ್ರಾನ್ಸಿನ ನಾನ್ಸಿ ಊರಿನ ಆಂರಿ ಬ್ರಾಕೊನೋ ಎಂಬ ರಸಾಯನಶಾಸ್ತ್ರಜ್ಞ ಮಾಡಿದ ಪ್ರಯೋಗ ನನಗೆ ಬಹಳ ಪ್ರಿಯ. ಏಕೆಂದರೆ ಅದಕ್ಕೆ ಪ್ರಯೋಗಾಲಯವೇ ಬೇಕಿಲ್ಲ. ತಣ್ಣಗಾದ ಕೊಬ್ಬನ್ನು ಶಾಯಿ ಒರೆಸುವ ಒತ್ತುಕಾಗದದ ನಡುವೆ ಇಟ್ಟು ಒತ್ತಿದ. ತೆಳು ಭಾಗವನ್ನು ಕಾಗದ ಹೀರಿಕೊಂಡಿತು, ಗಟ್ಟಿ ಭಾಗ ಹಾಳೆಯ ಮೇಲೆ ಉಳಿಯಿತು. ಕಾಗದವನ್ನು ನೆನೆಸಿ ಹಿಂಡಿದರೆ ಎಣ್ಣೆ ಸಿಕ್ಕಿತು. ಇಲ್ಲಿರುವ ವಿದ್ಯಾರ್ಥಿಗಳು ಮನೆಗೆ ಹೋಗಿ ಇದನ್ನು ಖಂಡಿತ ಮಾಡಿ ನೋಡಬೇಕು. ಹರಳುಗಟ್ಟಿದ ತುಪ್ಪ ಒಂದು ಚಮಚ, ಟಿಶ್ಯೂ ಕಾಗದ ನಾಲ್ಕು ಹಾಳೆ ಸಾಕು.

ಅದೇ ಕಾಲದಲ್ಲಿ ಮಿಷೆಲ್ ಯುಜೆನ್ ಷೆವ್ರೆಲ್ ಎಂಬವನು ಕೊಬ್ಬನ್ನು ಬಿಡಿಸಿ ಬಿಡಿಸಿ ನೋಡಿದ. ಓಲಿಯಿಕ್, ಸ್ಟಿಯರಿಕ್, ಬ್ಯುಟಿರಿಕ್ ಎಂದು ನಾನು ಈಗ ಹೇಳಿದ ಆಮ್ಲಗಳನ್ನು ಬೇರ್ಪಡಿಸಿ ತೋರಿಸಿದವನು ಅವನು. ಬ್ಯುಟಿರಿಕ್ ಎಂಬ ಹೆಸರಿನಲ್ಲೇ ಬೆಣ್ಣೆಯ ಲ್ಯಾಟಿನ್ ಹೆಸರು ಅಡಗಿದೆ. ಒಂದು ಹರಳು ಮುತ್ತಿನಂತೆ ಹೊಳೆಯಿತು ಎಂದು, ಮುತ್ತಿನ ಗ್ರೀಕ್ ಹೆಸರಿನಿಂದ ಅದಕ್ಕೆ ಮಾರ್ಗರಿಕ್ ಆಮ್ಲ ಎಂದು ಕರೆದ. ಮಾರ್ಗರೀನ್ ಎಂಬ ಮಾತು ಹುಟ್ಟಿದ್ದು ಅಲ್ಲಿಂದ. ಗಟ್ಟಿ ಭಾಗದಿಂದ ಹೊಗೆಯಿಲ್ಲದ, ವಾಸನೆಯಿಲ್ಲದ ಮೇಣದಬತ್ತಿ ಮಾಡಬಹುದೆಂದು ಗೇ-ಲುಸಾಕ್ ಎಂಬ ಇನ್ನೊಬ್ಬ ರಸಾಯನಶಾಸ್ತ್ರಜ್ಞನ ಜೊತೆಗೂಡಿ 1825ರಲ್ಲಿ ಪೇಟೆಂಟ್ ಪಡೆದ. ಈ ಷೆವ್ರೆಲ್ ನೂರೆರಡು ವರ್ಷ ಬದುಕಿದ, ಐಫೆಲ್ ಗೋಪುರದ ಮೇಲೆ ಕೆತ್ತಿರುವ 72 ಹೆಸರುಗಳಲ್ಲಿ ಅವನದೂ ಒಂದು.

ಇವರಿಬ್ಬರ ತಿಳಿವಳಿಕೆಯನ್ನು ಹೊಟ್ಟೆಯ ಪ್ರಶ್ನೆಗೆ ತಂದವನು ಇಪೊಲಿಟ್ ಮೇಜ್-ಮೂರಿಯೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ. 1860ರ ದಶಕದ ಫ್ರಾನ್ಸಿನಲ್ಲಿ ಬೆಣ್ಣೆ ತುಟ್ಟಿಯಾಗಿತ್ತು. ನೌಕಾಪಡೆಗೂ ಬಡವರಿಗೂ ಅಗ್ಗವಾದ, ಬೇಗ ಕೆಡದ ಬದಲಿ ಬೇಕು ಎಂದು ಮೂರನೆಯ ನೆಪೋಲಿಯನ್ ಬಹುಮಾನ ಸಾರಿದ. ಮೇಜ್-ಮೂರಿಯೆ ಹಸುಗಳನ್ನು ಗಮನಿಸಿದ. ಮೇವು ಕಡಿಮೆ ಮಾಡಿದರೆ ಹಸು ಸೊರಗುತ್ತದೆ, ಹಾಲೂ ಇಳಿಯುತ್ತದೆ, ಆದರೆ ಇಳಿದ ಹಾಲಿನಲ್ಲೂ ಬೆಣ್ಣೆ ಇದ್ದೇ ಇರುತ್ತದೆ. ಹಾಗಾದರೆ ಅದರ ಮೈಯ ಕೊಬ್ಬೇ ಹಾಲಿಗೆ ಇಳಿಯುತ್ತಿರಬೇಕು, ಗಟ್ಟಿ ಭಾಗ ಹಿಂದೆ ಉಳಿದು ತೆಳು ಭಾಗ ಬೆಣ್ಣೆಯಾಗುತ್ತಿರಬೇಕು ಎಂದು ಊಹಿಸಿದ. ಊಹೆ ಪೂರ್ತಿ ಸರಿಯಲ್ಲ. ಆದರೆ ಅದರಿಂದ ಅವನು ಮಾಡಿದ ಕೆಲಸ ಸರಿಯಾಗಿತ್ತು. ದನದ ಕೊಬ್ಬನ್ನು ಹದವಾದ ಬಿಸಿಯಲ್ಲಿ ಕರಗಿಸಿ ಸೋಸಿ, 25 ಡಿಗ್ರಿಯ ಆಸುಪಾಸಿಗೆ ನಿಧಾನವಾಗಿ ಇಳಿಸಿ, ಹರಳು ಕಟ್ಟಲು ಬಿಟ್ಟು, ಚೀಲಗಳಲ್ಲಿ ತುಂಬಿ ಒತ್ತಿದ. ಹೊರಗೆ ಹರಿದ ಮೃದುವಾದ ಕೊಬ್ಬು ಅರ್ಧಕ್ಕಿಂತ ತುಸು ಹೆಚ್ಚು. ಅದನ್ನು ಹಾಲಿನೊಂದಿಗೆ ಕಡೆದು ಮಾಡಿದ್ದು ಮೊದಲ ಮಾರ್ಗರೀನ್. 1869ರ ಜುಲೈ 15ರಂದು ಪೇಟೆಂಟ್ ಸಿಕ್ಕಿತು. ಮರುವರ್ಷವೇ ಯುದ್ಧ ಬಂದು ಕಾರ್ಖಾನೆಯ ಕೆಲಸ ನಿಂತಿತು. 1871ರಲ್ಲಿ ನೆದರ್ಲೆಂಡ್ಸಿನ ಬೆಣ್ಣೆ ವ್ಯಾಪಾರಿಗಳಾದ ಯುರ್ಗೆನ್ಸ್ ಮನೆತನದವರು ಆ ವಿದ್ಯೆಯನ್ನು ಅವನಿಂದ ಕೊಂಡರು.

ಈ ಕತೆಯಲ್ಲಿ ‘ನಿಧಾನವಾಗಿ ಇಳಿಸಿ’ ಎಂಬುದನ್ನು ಹಿಡಿದುಕೊಳ್ಳಿ. ನನ್ನ ಇಡೀ ಮಾತಿನ ತಿರುಳು ಅಲ್ಲಿದೆ. ಚೀಲವಾಗಲಿ, ಒತ್ತುವ ಯಂತ್ರವಾಗಲಿ ಕೊಬ್ಬನ್ನು ಬೇರೆ ಮಾಡುವುದಿಲ್ಲ. ಬೇರೆಯಾಗುವ ಕೆಲಸ ಒತ್ತುವ ಮೊದಲೇ, ತಣಿಯುವಾಗಲೇ ಮುಗಿದಿರುತ್ತದೆ. ತುಪ್ಪವನ್ನು ತಟ್ಟನೆ ತಣಿಸಿದರೆ ಏಕಕಾಲಕ್ಕೆ ಲಕ್ಷಾಂತರ ಸಣ್ಣ ಹರಳುಗಳು ಹುಟ್ಟುತ್ತವೆ, ನೇರ ಸೌದೆ ಸೊಟ್ಟ ಸೌದೆ ಎನ್ನದೆ ಸಿಕ್ಕಿದ್ದನ್ನೆಲ್ಲ ಎಳೆದುಕೊಂಡು ಬಲೆಯಂತೆ ಹೆಣೆದುಕೊಳ್ಳುತ್ತವೆ. ತೆಳು ಭಾಗ ಆ ಬಲೆಯಲ್ಲಿ ಸಿಕ್ಕಿಬೀಳುತ್ತದೆ. ನಿಧಾನವಾಗಿ ತಣಿಸಿದರೆ ಹುಟ್ಟುವ ಹರಳುಗಳು ಕೆಲವೇ. ಅವು ತಮಗೆ ಹೊಂದುವುದನ್ನು ಮಾತ್ರ ಆರಿಸಿಕೊಂಡು ದೊಡ್ಡದಾಗುತ್ತವೆ. ಜೇಡಿಮಣ್ಣು ಹೀರಿದ ನೀರನ್ನು ಬಿಡುವುದಿಲ್ಲ, ಮರಳು ಬಿಟ್ಟುಬಿಡುತ್ತದೆ. ‘ಮರಳು ಮರಳಾದ ತುಪ್ಪ’ ಎಂದು ನಮ್ಮವರು ಹೇಳುವ ಮಾತು ಎಷ್ಟು ನಿಖರ ಎಂದು ನೋಡಿ. ಎಡಗೈ ಬಾಟಲಿ ಜೇಡಿಮಣ್ಣು, ಬಲಗೈ ಬಾಟಲಿ ಮರಳು. ಒಳಗಿರುವ ವಸ್ತು ಒಂದೇ.

ಮನೆಯಲ್ಲಿ ಹರಳು ಬೇಕೆಂದರೆ ತುಪ್ಪವನ್ನು ಸೋಸಿ, 60 ಡಿಗ್ರಿಯ ಬಿಸಿಯಿಂದ 28 ಡಿಗ್ರಿಯ ಸುಮಾರಿಗೆ ಮೆಲ್ಲನೆ ಇಳಿಯಲು ಬಿಟ್ಟು, ಅಲ್ಲೇ ಒಂದೆರಡು ದಿನ ನಿಲ್ಲಿಸಬೇಕು. ಪಿಂಗಾಣಿ ಜಾಡಿ ಸ್ಟೀಲ್ ಡಬ್ಬಿಗಿಂತ ನಿಧಾನವಾಗಿ ತಣಿಯುತ್ತದೆ, ಹಾಗಾಗಿ ಜಾಡಿಯ ತುಪ್ಪ ಚೆನ್ನಾಗಿ ಹರಳುಗಟ್ಟುತ್ತದೆ. ಉಗುರುಬೆಚ್ಚಗಿನ ತುಪ್ಪಕ್ಕೆ ಹಿಂದಿನ ಸಲದ ಹರಳು ತುಪ್ಪ ಒಂದು ಚಮಚ ಹಾಕಿದರೆ ಅದು ಹಾಲಿಗೆ ಹಾಕಿದ ಹೆಪ್ಪಿನಂತೆ ದಾರಿ ತೋರಿಸುತ್ತದೆ. ತೀರಾ ಬಿಸಿಯಿರುವಾಗ ಹಾಕಬೇಡಿ, ಆ ಹರಳೂ ಕರಗಿಹೋಗುತ್ತದೆ. ಎಮ್ಮೆಯ ತುಪ್ಪದ ಹರಳು ಹಸುವಿನದಕ್ಕಿಂತ ದಪ್ಪ. ಹತ್ತಿಕಾಳು ತಿಂದ ದನದ ತುಪ್ಪ ಇನ್ನೂ ಗಟ್ಟಿ. ಹಸಿರು ಮೇವು ಹೆಚ್ಚಾದ ಕಾಲದಲ್ಲಿ ತೆಳು ಭಾಗ ಹೆಚ್ಚುತ್ತದೆ. ಊರಿನ ಹವೆಯೂ ಮಾತಾಡುತ್ತದೆ: ಮಂಗಳೂರಿನಲ್ಲಿ ತಾನಾಗಿ ಹರಳುಗಟ್ಟುವ ತುಪ್ಪ ಡಿಸೆಂಬರಿನ ಬೆಂಗಳೂರಿನಲ್ಲಿ ಒಂದೇ ಮುದ್ದೆಯಾಗಬಹುದು, ಮೇ ತಿಂಗಳ ಕಲಬುರಗಿಯಲ್ಲಿ ಪೂರ್ತಿ ಎಣ್ಣೆಯಾಗಬಹುದು. ಮೂರು ಊರಿನ ಮೂರು ಬಾಟಲಿಗಳನ್ನು ಪಕ್ಕದಲ್ಲಿಟ್ಟು ಇದು ಅಸಲಿ, ಅದು ನಕಲಿ ಎಂದು ತೀರ್ಪು ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇದೇ ವಿದ್ಯೆ ಇಂದು ದೊಡ್ಡ ಉದ್ಯಮ. ಪಡಿತರ ಅಂಗಡಿಯಿಂದಲೋ ದಿನಸಿ ಅಂಗಡಿಯಿಂದಲೋ ತಂದ ಪಾಮೊಲೀನ್ ಎಣ್ಣೆಯನ್ನು ನೀವೆಲ್ಲ ಬಳಸಿದ್ದೀರಿ. ತಾಳೆ ಎಣ್ಣೆ ಮೂಲದಲ್ಲಿ ಅರೆಗಟ್ಟಿ. ಅದನ್ನು 70 ಡಿಗ್ರಿಗೆ ಕಾಯಿಸಿ ಹಳೆಯ ಹರಳಿನ ಗುರುತೇ ಇಲ್ಲದಂತೆ ಮಾಡಿ, ಗಂಟೆಗಟ್ಟಲೆ ಮೆಲ್ಲನೆ ತಿರುಗಿಸುತ್ತಾ ತಣಿಸಿ, ಸೋಸುವ ಯಂತ್ರದಲ್ಲಿ ಒತ್ತುತ್ತಾರೆ. ಹರಿದು ಬಂದದ್ದು ಓಲೀನ್, ಉಳಿದದ್ದು ಸ್ಟಿಯರಿನ್. ಓಲೀನ್ ಮುಕ್ಕಾಲು ಭಾಗದಷ್ಟು. ರಾಸಾಯನಿಕ ಏನನ್ನೂ ಸೇರಿಸುವುದಿಲ್ಲ. ಬೆಲ್ಜಿಯಂನಂತಹ ದೇಶಗಳಲ್ಲಿ ಹಾಲಿನ ಕೊಬ್ಬಿಗೂ ಹೀಗೇ ಮಾಡುತ್ತಾರೆ. ಗಟ್ಟಿ ಭಾಗ ಪದರ ಪದರದ ಬೇಕರಿ ತಿನಿಸಿಗೆ ಹೋಗುತ್ತದೆ, ತೆಳು ಭಾಗದಿಂದ ಫ್ರಿಜ್ಜಿನಿಂದ ತೆಗೆದ ಕೂಡಲೇ ಬ್ರೆಡ್ಡಿಗೆ ಹಚ್ಚಬಹುದಾದ ಬೆಣ್ಣೆಯಾಗುತ್ತದೆ.

ಇದಕ್ಕೆ ಎದುರಾದ ದಾರಿಯೊಂದಿತ್ತು: ಎಣ್ಣೆಯಿಂದ ಗಟ್ಟಿ ಭಾಗವನ್ನು ಬೇರೆ ಮಾಡುವ ಬದಲು, ತೆಳು ಎಣ್ಣೆಯನ್ನೇ ಗಟ್ಟಿ ಮಾಡುವುದು. ನಿಕಲ್ ಲೋಹದ ಸಹಾಯದಿಂದ ಎಣ್ಣೆಗೆ ಜಲಜನಕ ಸೇರಿಸಿ ಬಾಗಿದ ಕೊಂಬೆಯನ್ನು ನೇರ ಮಾಡುವ ವಿಧಾನಕ್ಕೆ ಜರ್ಮನಿಯ ವಿಲ್‌ಹೆಲ್ಮ್ ನಾರ್ಮನ್ 1902ರಲ್ಲಿ ಪೇಟೆಂಟ್ ಪಡೆದ. ಅದರಿಂದ ಬಂದದ್ದು ನಮ್ಮ ವನಸ್ಪತಿ. ತುಪ್ಪದಂತೆ ಕಾಣಲಿ ಎಂದು ಅದನ್ನೂ ಹರಳುಗಟ್ಟಿಸುತ್ತಿದ್ದರು. ಹಾಗಾಗಿ ಹರಳಿದ್ದರೆ ಅಸಲಿ ಎಂಬ ನಂಬಿಕೆಯೂ ಸರಿಯಲ್ಲ. ತುಪ್ಪಕ್ಕೆ ಬೆರೆಸಿದರೆ ಪತ್ತೆಯಾಗಲಿ ಎಂದು ವನಸ್ಪತಿಗೆ ಶೇಕಡಾ 5 ಎಳ್ಳೆಣ್ಣೆ ಸೇರಿಸಲೇಬೇಕು ಎಂದು ಕಾನೂನು ಮಾಡಿದ್ದರು. ಆಮ್ಲ ಮತ್ತು ಫರ್ಫ್ಯುರಾಲ್ ಎಂಬ ರಾಸಾಯನಿಕ ಹಾಕಿ ಕುಲುಕಿದರೆ ಎಳ್ಳೆಣ್ಣೆ ಕೆಂಪಾಗುತ್ತದೆ. ನನ್ನ ಕೆಲಸದ ಮೊದಲ ವಾರ ಕಲಿತ ಪರೀಕ್ಷೆ ಅದು. ಆದರೆ ಕೊಂಬೆ ಅರ್ಧ ನೇರವಾಗುವ ಆ ಹಾದಿಯಲ್ಲಿ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ, ಅದು ಹೃದಯಕ್ಕೆ ಕೆಟ್ಟದ್ದು. ಎಣ್ಣೆ, ಕೊಬ್ಬುಗಳಲ್ಲಿ ಅದು ಶೇಕಡಾ 2ನ್ನು ಮೀರಬಾರದು ಎಂಬ ಮಿತಿ ನಮ್ಮ ದೇಶದಲ್ಲಿ 2022ರ ಜನವರಿಯಿಂದ ಜಾರಿಯಲ್ಲಿದೆ. ಹಾಗಾಗಿ ಗಟ್ಟಿ ಕೊಬ್ಬು ಬೇಕಾದವರು ಮತ್ತೆ ತಣಿಸಿ ಬೇರ್ಪಡಿಸುವ ಹಳೆಯ ವಿದ್ಯೆಯ ಕಡೆ ತಿರುಗಿದ್ದಾರೆ. ಇದರಿಂದ ನನಗೆ ನಿಜವಾಗಿ ಸಂತೋಷವಾಗಿದೆ.

ಉತ್ತರ ಕನ್ನಡದವರು ಯಾರಾದರೂ ಇದ್ದರೆ ಮುರುಗಲು (ಕೋಕಂ) ತುಪ್ಪ ನೆನಪಾಗಿರಬೇಕು. ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ, ತಣಿದ ಮೇಲೆ ಉಂಡೆ ಕಟ್ಟಿ ಇಡುತ್ತಾರೆ, ಹಿಮ್ಮಡಿ ಒಡೆದರೆ ಹಚ್ಚುತ್ತಾರೆ. ಆ ಉಂಡೆಯನ್ನು ಎಷ್ಟು ದಿನ ಇಟ್ಟರೂ ಎಣ್ಣೆ ಬೇರೆಯಾಗಿ ತೇಲುವುದಿಲ್ಲ. ಅದರಲ್ಲಿ ಇರುವ ಸೌದೆ ಹೆಚ್ಚುಕಡಿಮೆ ಒಂದೇ ಬಗೆಯದು, 40 ಡಿಗ್ರಿಯ ಸುಮಾರಿಗೆ ಎಲ್ಲವೂ ಒಟ್ಟಿಗೆ ಕರಗುತ್ತದೆ. ಕೋಕೋ ಬೆಣ್ಣೆಯ ಸ್ವಭಾವವೂ ಇಂಥದೇ, ಚಾಕೊಲೇಟ್ ಕೈಯಲ್ಲಿ ಮುರಿದು ಬಾಯಲ್ಲಿ ಕರಗುವುದು ಅದರಿಂದ. ಈ ಹೋಲಿಕೆಯಿಂದಲೇ ಮುರುಗಲು, ಮಾವಿನ ಗೊರಟೆಯ ಕೊಬ್ಬುಗಳನ್ನು ಕೋಕೋ ಬೆಣ್ಣೆಯ ಜೊತೆ ಬಳಸುವ ಬಗ್ಗೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಲ್ಲಿ ಸಂಶೋಧನೆ ನಡೆದಿದೆ.

ಕಡಲೆಕಾಯಿ ಬೆಣ್ಣೆಯ ಮೇಲೆ ಎಣ್ಣೆ ತೇಲುವುದನ್ನು ಕೆಲವರು ಕೇಳಿದ್ದೀರಿ. ಅದು ಬೇರೆ ಸಂಗತಿ, ಅಲ್ಲಿ ಕೆಳಗೆ ಕೂರುವುದು ಬೀಜದ ಹಿಟ್ಟು, ಕಲಕಿ ತಿನ್ನಿ. ಇನ್ನು ಬೆಣ್ಣೆಯ ಪಕ್ಕದಲ್ಲೇ ಅಂಗಡಿಯಲ್ಲಿ ಕೂರುವ ‘ಫ್ಯಾಟ್ ಸ್ಪ್ರೆಡ್’ ಡಬ್ಬಿಗಳು. ಅವುಗಳಲ್ಲಿ ಕೊಬ್ಬು ಶೇಕಡಾ 40ರಷ್ಟೇ ಇರಬಹುದು, ಉಳಿದದ್ದರಲ್ಲಿ ಹೆಚ್ಚಿನದು ನೀರು. ಅದನ್ನು ಕಾಯಿಸಿ ತುಪ್ಪ ಮಾಡಲು ಹೋಗಬೇಡಿ. ಕೊಳ್ಳುವ ಮೊದಲು ಡಬ್ಬಿಯ ಹಿಂಭಾಗ ಓದಿ.

ಈಗ ಪರೀಕ್ಷೆಯ ಮಾತು. ಕಲಬೆರಕೆ ಇಲ್ಲವೇ ಇಲ್ಲ ಎಂದು ನಾನು ಹೇಳುತ್ತಿಲ್ಲ, ಇದೆ. ಆದರೆ ಅದನ್ನು ಕಣ್ಣು ಹಿಡಿಯಲಾರದು. ಹಾಲಿನ ಕೊಬ್ಬಿನ ವಿಶೇಷ ಗುರುತು ಆ ಚಕ್ಕೆಗಳು, ಬ್ಯುಟಿರಿಕ್ ಆಮ್ಲ. 5 ಗ್ರಾಂ ತುಪ್ಪದಿಂದ ಆವಿಯಾಗಿ ನೀರಿನಲ್ಲಿ ಕರಗುವ ಆಮ್ಲಗಳನ್ನು ಬಟ್ಟಿ ಇಳಿಸಿ ಅಳೆಯುವ ಪರೀಕ್ಷೆಗೆ ರೀಚರ್ಟ್-ಮೈಸಲ್ ಪರೀಕ್ಷೆ ಎನ್ನುತ್ತಾರೆ. ಒಳ್ಳೆಯ ತುಪ್ಪಕ್ಕೆ 24ಕ್ಕಿಂತ ಹೆಚ್ಚು ಬರುತ್ತದೆ, ತೆಂಗಿನೆಣ್ಣೆಗೆ 6ರಿಂದ 8, ಬೇರೆ ಹೆಚ್ಚಿನ ಎಣ್ಣೆಗಳಿಗೆ ಒಂದೂ ಬರುವುದಿಲ್ಲ. ಇಲ್ಲಿ ಒಂದು ಎಚ್ಚರ ಬೇಕು. ಹರಳು ಕೂತ ಡಬ್ಬಿಯಲ್ಲಿ ಆ ಚಕ್ಕೆಗಳು ಹೆಚ್ಚಾಗಿ ಮೇಲಿನ ದ್ರವದಲ್ಲಿರುತ್ತವೆ, ಬಣ್ಣವೂ ಅಲ್ಲೇ ಹೆಚ್ಚು. ತಳದ ಹರಳನ್ನಷ್ಟೇ ಕೆರೆದು ಕಳಿಸಿದರೆ ಅಂಕ ಕಡಿಮೆ ಬರುತ್ತದೆ, ಚೊಕ್ಕ ತುಪ್ಪವೇ ಸಂಶಯಕ್ಕೆ ಒಳಗಾಗುತ್ತದೆ. ಮಾದರಿ ತೆಗೆಯುವ ಮೊದಲು ಇಡೀ ಡಬ್ಬಿಯನ್ನು ಪೂರ್ತಿ ಕರಗಿಸಿ ಕಲಕಲೇಬೇಕು.

ಮಾರುವವರಿಗೂ ಇದೇ ನಿಯಮ. 15 ಕೆಜಿ ಡಬ್ಬಿಯಿಂದ ಬಿಡಿಯಾಗಿ ಅಳೆದು ಕೊಡುವಾಗ ಮೊದಲ ಗಿರಾಕಿಗೆ ಎಣ್ಣೆ, ಕೊನೆಯವರಿಗೆ ಹರಳು ಸಿಗುತ್ತದೆ. ಇಬ್ಬರೂ ಒಂದೇ ಬೆಲೆ ಕೊಟ್ಟಿದ್ದಾರೆ. ಉಗುರುಬೆಚ್ಚಗೆ ಮಾಡಿ, ಕಲಕಿ, ಆಮೇಲೆ ಅಳೆಯಿರಿ. ಮೇಲಿನ ದ್ರವ ಹರಳಿಗಿಂತ ಬೇಗ ಕನರುತ್ತದೆ, ಹಾಗಾಗಿ ಬಾಟಲಿಯನ್ನು ಬಾಯಿಯವರೆಗೆ ತುಂಬಿ, ಗಾಳಿ ಬೆಳಕು ತಾಗದಂತೆ ಇಡಿ. ನಾನು ಆರಂಭದಲ್ಲಿ ಹೇಳಿದ ಹೆಣ್ಣುಮಗಳು ಈಗ ಪ್ರತಿ ಬಾಟಲಿಯ ಜೊತೆ ಒಂದು ಚೀಟಿ ಇಡುತ್ತಾರೆ: ‘ಎರಡು ಪದರವಾದರೆ ಬಿಸಿನೀರಿನಲ್ಲಿ ನಿಲ್ಲಿಸಿ ಕಲಕಿ, ಮತ್ತೆ ಮೆಲ್ಲನೆ ಆರಲು ಬಿಡಿ.’ ಚೀಟಿಯ ಮಾತುಗಳನ್ನು ಬರೆದವರು ಅವರೇ. ಅಂದು ಬಾಟಲಿ ಹಿಂದಕ್ಕೆ ಕೊಟ್ಟವರು ಈಗಲೂ ಅವರಲ್ಲೇ ತುಪ್ಪ ಕೊಳ್ಳುತ್ತಾರೆ.

ಐಸ್ ಡಬ್ಬಿಯ ಬಾಟಲಿ ಸಿದ್ಧವಾಗಿರಬೇಕು. ನೋಡಿ, ಕೊಬ್ಬು ಗಟ್ಟಿಯಾಗಿ ಮುಚ್ಚಳದಂತೆ ನಿಂತಿದೆ, ತಟ್ಟನೆ ತಣಿದದ್ದರಿಂದ ಒಂದು ಹರಳೂ ಇಲ್ಲ. ಕಡ್ಡಿಯಿಂದ ಪಕ್ಕದಲ್ಲಿ ತೂತು ಮಾಡಿ ಅಳತೆಯ ಲೋಟಕ್ಕೆ ಬಗ್ಗಿಸುತ್ತೇನೆ. ಸುಮಾರು 30 ಮಿಲಿ. ಬೆಣ್ಣೆಯೊಳಗೆ ಕಾಣದೆ ಕೂತಿದ್ದ ನೀರು ಇದು. ಮುಂದಿನ ಸಾಲಿನವರು ಬೆರಳು ಅದ್ದಿ ರುಚಿ ನೋಡಿ, ಉಪ್ಪೆಲ್ಲ ಇದರಲ್ಲೇ ಇದೆ. ಗಟ್ಟಿಯಾದದ್ದನ್ನೂ ಒಂದು ಚೂರು ನೋಡಿ, ಉಪ್ಪು ತಗಲುವುದೇ ಇಲ್ಲ ಎನ್ನುವಷ್ಟು ಸಪ್ಪೆ.